ಬಿಸಿನೀರು ಹೋದ ದಾರಿ

ಐದನೇ ಚೊಂಬು ನೀರು ಬೆನ್ನಿಗೆ ಬಿದ್ದದ್ದೇ ತಡ, ಶ್ರಾವ್ಯಾ ಚೀರಿದಳು.

"ಅಮ್ಮಾ!"

ಅವಳಮ್ಮ ವಿನಯಾ ತೀರಿಕೊಂಡು ವರ್ಷವಾಗಿತ್ತು. ಕೂಗಿಗೆ ಓಡಿ ಬಂದವಳು ಸೋದರತ್ತೆ ಯಶೋಧಾ. ಶ್ರಾವ್ಯಾಳ ಬಾಣಂತನಕ್ಕೆಂದು ತೀರ್ಥಹಳ್ಳಿಯಿಂದ ಹೊಸನಗರಕ್ಕೆ ಬಂದು, ಅಣ್ಣ ಸುರೇಂದ್ರ ಗೌಡರ ಮನೆಯಲ್ಲಿ ನಿಂತಿದ್ದಳು.

ಬಾಣಂತಿಗೆ ಎರೆಯುತ್ತಿದ್ದ ಮಾಸ್ತಮ್ಮ ಚೊಂಬು ಕೆಳಗಿಟ್ಟು, ಬಕೆಟ್ಟಿಗೆ ಸುರಿಯುತ್ತಿದ್ದ ಧಾರೆಗೆ ಮೊಣಕೈ ಒಡ್ಡಿದಳು. ಕೆಂಪು ಗುಂಡಿಯ ನಲ್ಲಿ. ಸೋಲಾರಿನ ಬಿಸಿನೀರು ಬರಬೇಕಾದ ನಲ್ಲಿ. ಮಾಗಿಯಲ್ಲಿ ಬಾವಿನೀರಾದರೂ ಬೆಚ್ಚಗಿರುತ್ತದೆ. ಇದು ಮೂಳೆಗೆ ಇಳಿಯುವ ತಣ್ಣೀರು.

"ಎಂತ ಮಾಡ್ದೆ ಮಾರಾಯ್ತಿ? ಹಸಿ ಮೈಗೆ ತಣ್ಣೀರು ಹೊಯ್ದ್ಯಾ?"

"ಬಿಸಿಯೇ ಬರ್ತಿತ್ತು ಯಶೋಧಕ್ಕ. ಒಂದೇ ಸಲ ತಣ್ಣಗಾಯ್ತು."

"ಮೂರು ದಿನದಿಂದ ಇದೇ ರಾಗ. ಒಂದು ಟ್ಯಾಂಕ್ ಬಿಸಿನೀರು ಎಲ್ಲಿಗೆ ಹೋಗ್ತದೆ?" ಯಶೋಧಾಳ ಕಣ್ಣು ಮಾಸ್ತಮ್ಮನ ತಲೆಯ ಮೇಲೆ ನಿಂತಿತು. "ನಿನ್ನ ಕೂದಲು ಯಾಕೆ ಒದ್ದೆ?"

"ಇಬ್ಬನಿ. ನಡ್ಕೊಂಡು ಬಂದೆ."

"ಇಬ್ಬನಿಯಲ್ಲಿ ತಲೆ ಮಿಂದವರನ್ನ ಇವತ್ತೇ ನೋಡಿದ್ದು! ಬಚ್ಚಲಿಗೆ ಹಿತ್ತಿಲ ಬಾಗಿಲೂ ಇದೆಯಲ್ಲ? ನಾವು ಏಳೋ ಮುಂಚೆ ಬಂದು, ನಿನ್ನ ಮೈ ಕಾಸಿಕೊಂಡು, ಆಮೇಲೆ ಮುಂದಿನ ಬಾಗಿಲು ತಟ್ತೀಯ. ಹೌದೋ ಅಲ್ವೋ?"

ಮಾಸ್ತಮ್ಮ ಬಾಣಂತಿಯ ಹೆಗಲಿಗೆ ಕಂಬಳಿ ಹೊದಿಸಿದಳು. ಬೆಳಗ್ಗೆ ಗೇಟು ತೆಗೆದಾಗ ಕಂಡದ್ದು ನೆನಪಾಯಿತು. ಊರಿಡೀ ಮಂಜು ಮೇಲಿನಿಂದ ಇಳಿಯುತ್ತಿತ್ತು. ಹಿತ್ತಿಲ ಮೂಲೆಯಲ್ಲಿ ಮಾತ್ರ ನೆಲದಿಂದ ಏಳುತ್ತಿತ್ತು. ಮಂಜಿನೊಳಗೊಂದು ಮಂಜು ಎಂದು ಆಗ ಅಷ್ಟಕ್ಕೇ ಬಿಟ್ಟಿದ್ದಳು.

"ನಾಳೆಯಿಂದ ನೀನು ಬರೋದು ಬೇಡ. ತೀರ್ಥಹಳ್ಳಿಯಿಂದ ನರ್ಸ್ ಕರೆಸ್ತೀನಿ."

ನಲವತ್ತು ವರ್ಷ ಈ ಊರಿನ ಹಸುಗೂಸುಗಳು ಮಾಸ್ತಮ್ಮನ ಕಾಲ ಮೇಲೆ ಮಲಗಿ ಮಿಂದಿದ್ದವು. ಈಗ ಕರೆಯುವವರಿಲ್ಲ. ಎರಡು ವರ್ಷಕ್ಕೆ ಬಂದ ಮೊದಲ ಕರೆ ಇದು. ಬಾಣಂತಿಯ ಬಿಸಿನೀರು ಕದ್ದವಳು ಎಂಬ ಮಾತು ಪೇಟೆಗೆ ಇಳಿದರೆ ಕೊನೆಯದೂ ಇದೇ. ಆಮೇಲೆ ದಿನವಿಡೀ ಮಾತಾಡಲು ಅವಳಿಗೆ ತನ್ನ ಒಲೆಯೊಂದೇ.

"ನರ್ಸ್ ಬರ್ಲಿ ಯಶೋಧಕ್ಕ. ಸಂಜೆವರೆಗೆ ನಂಗೆ ಬಿಡಿ. ನೀರು ಹೋದ ದಾರಿ ತೋರಿಸಿ ಹೋಗ್ತೀನಿ."

*

ಹನ್ನೊಂದಕ್ಕೆ ಸಾಗರದಿಂದ ಸೋಲಾರ್ ಮೆಕ್ಯಾನಿಕ್ ಗಣೇಶ್ ಬಂದ. ತಾರಸಿ ಹತ್ತಿ, ಟ್ಯಾಂಕಿನ ಪೈಪು ಮುಟ್ಟಿ, ಕೈ ಕೊಡವಿಕೊಂಡು ಇಳಿದ.

"ಮೇಲೆ ನೀರು ಸುಡ್ತಾ ಇದೆ. ಕೆಳಗೆ ಬರೋವಾಗ ತಣ್ಣಗಾಗ್ತದೆ. ಚಳಿ ಅಮ್ಮ, ಚಳಿ. ಪೈಪು ಹೊರಗಿದೆಯಲ್ಲ?"

"ಆಚೆಮೊನ್ನೆಯೂ ಪೈಪು ಹೊರಗೇ ಇತ್ತಲ್ಲ ತಮ್ಮಾ?" ಮಾಸ್ತಮ್ಮ ಮೆಟ್ಟಿಲ ಮೇಲೆ ಕುಳಿತು ಕೇಳಿದಳು. "ನಾನು ಎರೆಯೋಕೆ ಬಂದ ಮೊದಲ ದಿನ ನೀರು ಕೈ ಸುಟ್ಟಿತ್ತು. ಅವತ್ತೇನು ಬೇಸಗೆಯಾ?"

ಗಣೇಶ್ ತಲೆ ಕೆರೆದುಕೊಂಡ. "ಪೈಪ್ ಒಡೆದಿದ್ರೆ ಗೋಡೆ ನೆನೀಬೇಕಿತ್ತು. ನೆಂದಿಲ್ಲ. ಮಹಡಿಗೂ ಒಂದು ಲೈನ್ ಹೋಗಿದೆ..."

"ಅದಕ್ಕೆ ಬೀಗ." ಹೇಳಿದವರು ಸುರೇಂದ್ರ. ಕಾರ್ಗಲ್‌ನ ಪವರ್ ಹೌಸಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಪೇಪರಿನಿಂದ ತಲೆ ಎತ್ತಲಿಲ್ಲ. "ವಿನಯಾ ಹೋದ ಮೇಲೆ ಕೆಳಗೇ ಇದ್ದೀನಿ. ಮೇಲಿನ ಲೈನಿನ ವಾಲ್ವನ್ನೂ ಬಂದ್ ಮಾಡಿದೀನಿ. ಒಂದು ವರ್ಷ ಆಯ್ತು, ಯಾರೂ ಹತ್ತಿಲ್ಲ."

ಮಾತು ಮುಗಿದಿತ್ತು, ಉಸಿರು ಮಾತ್ರ ಸ್ವಲ್ಪ ತಡವಾಗಿ ಬಂತು. ಮಾಸ್ತಮ್ಮನಿಗೆ ಓದು ಇರಲಿಲ್ಲ. ಕಿವಿ ಇತ್ತು. ಚಿಕ್ಕಂದಿನಲ್ಲಿ ಗುಡಿಯ ಜಗಲಿಯಂಚಿಗೆ ಕುಳಿತು, ಭಾರತ ಓದುವುದನ್ನು ಮಳೆಗಾಲವಿಡೀ ಕೇಳಿದವಳು. ಓದುವವನು ಯಾವ ಪದ ಹಾರಿಸಿದ ಎಂಬುದು ಅವನ ಉಸಿರಿನಿಂದಲೇ ಅವಳಿಗೆ ತಿಳಿಯುತ್ತಿತ್ತು. ಈಗಲೂ ಒಂದು ಪದ ಹಾರಿತ್ತು.

ಅವಳು ಒಳಗೆ ಹೋಗಿ ಶ್ರಾವ್ಯಾಳ ಪಕ್ಕ ಕುಳಿತಳು.

"ಮಗಾ, ನೀರು ಕೆಟ್ಟಿದ್ದು ಎರಡನೇ ದಿನದಿಂದ. ಮೊದಲ ದಿನ ಮನೇಲಿ ಎಂತ ಆಯ್ತು?"

"ಎಂತದೂ ಇಲ್ಲ ಮಾಸ್ತಮ್ಮ."

"ಯಾರಾದ್ರೂ ಬಂದ್ರಾ? ಎಂತಾದ್ರೂ ಬದಲಾಯ್ತಾ?"

ಯಶೋಧಾ ಬಾಗಿಲಲ್ಲೇ ನಿಂತು ಉತ್ತರಿಸಿದಳು. "ಬದಲು ಎಂತ? ಬಾಣಂತಿ ಬಚ್ಚಲಿಗೆ ಇನ್ನು ಗಂಡಸರು ಕಾಲಿಡೋದು ಬೇಡ ಅಂತ ಅಣ್ಣಂಗೆ ಹೇಳಿದೆ. ಅಷ್ಟೇ. ಪದ್ಧತಿ ಅಲ್ವಾ?"

"ಪದ್ಧತಿಯೇ. ಹಾಗಾದ್ರೆ ಗೌಡ್ರು ಎಲ್ಲಿ ಮೀತಾರೆ?"

ಯಶೋಧಾ ಶ್ರಾವ್ಯಾಳ ಕಡೆ ನೋಡಿದಳು. ಶ್ರಾವ್ಯಾ ಮಗುವಿನ ಕಡೆ ನೋಡಿದಳು.

ಮೂರು ದಿನ. ಆ ಮನುಷ್ಯ ಎಲ್ಲಿ ಸ್ನಾನ ಮಾಡುತ್ತಾನೆಂದು ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ.

*

ಮಧ್ಯಾಹ್ನ ಬಚ್ಚಲಿನಲ್ಲಿ ಮೂವರು ನಿಂತರು. ಮಾಸ್ತಮ್ಮ, ಯಶೋಧಾ, ಗಣೇಶ್.

"ತಮ್ಮಾ, ಬಿಸಿನೀರಿನ ನಲ್ಲಿ ಬಿಡು. ಯಾರೂ ಮಾತಾಡ್ಬೇಡಿ."

ನೀರು ಸುರಿಯಿತು. ಅವಳು ಕಣ್ಣು ಮುಚ್ಚಿ ಗೋಡೆಗೆ ಕಿವಿ ಕೊಟ್ಟಳು. ತಲೆಯ ಮೇಲೆ, ಬೀಗ ಹಾಕಿದ ಮಹಡಿಯಲ್ಲಿ, ಸಣ್ಣಗೆ ಒಂದು ಸದ್ದು. ಸುಯ್... ಮಲಗಿದವರ ಉಸಿರಿನಂಥದು.

"ನಿಲ್ಸು."

ನಲ್ಲಿ ನಿಂತಿತು. ಮೇಲಿನ ಸದ್ದೂ ನಿಂತಿತು.

"ಇನ್ನೊಮ್ಮೆ ಬಿಡು."

ಸುಯ್...

ಯಶೋಧಾ ತಲೆ ಎತ್ತಿ ಸೂರಿನ ಕಡೆ ನೋಡಿದಳು. "ಮೇಲೆ ಯಾರಿದಾರೆ?"

"ಯಾರೂ ಇಲ್ಲ. ನೀರು ಮಾತ್ರ ಓಡ್ತಾ ಇದೆ. ಬನ್ನಿ ಹಿತ್ತಿಲಿಗೆ."

ಮಹಡಿಯ ಬಚ್ಚಲ ಕೊಳವೆ ಹಿತ್ತಿಲ ಮೂಲೆಗೆ ಇಳಿದಿತ್ತು. ಅದರ ಬಾಯಿಂದ ಈಗ ಒಂದು ಹನಿಯೂ ಬೀಳುತ್ತಿರಲಿಲ್ಲ. ಆದರೆ ಕೆಳಗಿನ ಮಣ್ಣು ಮೆತ್ತಗಿತ್ತು. ಗಂಧದ ಸೋಪಿನ ವಾಸನೆ.

"ಬೆಳಗ್ಗೆ ಇಲ್ಲಿಂದ ಹಬೆ ಏಳ್ತಿತ್ತು. ನಾನು ಮಂಜು ಅಂದ್ಕೊಂಡೆ," ಎಂದಳು ಮಾಸ್ತಮ್ಮ. "ಬೆಳಗಾಗೋ ಮುಂಚೆ ಇಲ್ಲಿ ಬಿಸಿನೀರು ಇಳಿದಿದೆ. ಈಗ ಮೇಲೆ ನೀರು ಓಡ್ತಿದೆ, ಆದ್ರೆ ಹೊರಗೆ ಬರ್ತಿಲ್ಲ. ಹೊರಗೆ ಬಾರದ ನೀರು ಎಲ್ಲಿಗೆ ಹೋಗ್ತದೆ ತಮ್ಮಾ?"

ಗಣೇಶ್ ಹಣೆಗೆ ಹೊಡೆದುಕೊಂಡ. "ತಣ್ಣೀರ ಪೈಪಿಂದ ಬಿಸಿನೀರ ಪೈಪಿಗೆ! ಮೇಲೆ ಎರಡೂ ನಲ್ಲಿ ತೆರೆದಿವೆ, ಆದ್ರೆ ನೀರು ಹೊರಬೀಳೋ ಬಾಯಿ ಬಂದ್ ಆಗಿದೆ. ಕೆಳಗೆ ಬಿಸಿ ಬಿಟ್ಟ ಕೂಡ್ಲೆ ತಣ್ಣೀರು ಒತ್ತಿಕೊಂಡು ಬಂದು ಸೇರ್ತದೆ. ಛೆ, ನಂಗೆ ಹೊಳೀಲಿಲ್ಲ."

"ಅಂದ್ರೆ ಮೇಲೆ ಮಿಂದವರು ಯಾರು?" ಯಶೋಧಾ ಕೇಳಿದಳು. ಕೇಳುವಾಗಲೇ ಅವಳಿಗೆ ಉತ್ತರ ಗೊತ್ತಾಗಿತ್ತು.

ಮಾಸ್ತಮ್ಮ ಜಗಲಿಗೆ ಬಂದಳು. "ಗೌಡ್ರೇ, ಕೀ ನಿಮ್ಮ ಹತ್ರನೇ ಇದೆಯಲ್ಲ?"

ಸುರೇಂದ್ರ ಪೇಪರು ಮಡಿಸಿದರು. ಮಡಿಸಿದ್ದನ್ನು ಮತ್ತೊಮ್ಮೆ ಮಡಿಸಿದರು. ಆಮೇಲೆ ಜೇಬಿಗೆ ಕೈ ಹಾಕಿದರು.

*

ಮಹಡಿಗೆ ಸುರೇಂದ್ರ, ಮಾಸ್ತಮ್ಮ ಇಬ್ಬರೇ ಹತ್ತಿದರು. ಉಳಿದವರನ್ನು ಮಾಸ್ತಮ್ಮ ಕೈಸನ್ನೆಯಲ್ಲೇ ತಡೆದಳು.

ಬಚ್ಚಲಲ್ಲಿ ಒಣಗಿ ಸೆಟೆದ ಹೀರೆಕಾಯಿಯ ನಾರು ಮೊಳೆಗೆ ನೇತಾಡುತ್ತಿತ್ತು. ಎರಡು ನಲ್ಲಿ. ಬಿಸಿಯದು ಅರ್ಧ ತಿರುಗಿತ್ತು, ತಣ್ಣನೆಯದು ಅದಕ್ಕಿಂತ ಕಡಿಮೆ. ಎರಡೂ ತೆರೆದೇ ಇದ್ದವು. ಎರಡೂ ಸೇರುವ ಕೊಳವೆಯ ತುದಿಯ ಕೈಶವರಿನ ಗುಂಡಿ ಮಾತ್ರ ಬಂದ್.

"ಮೂವತ್ತು ವರ್ಷ ಲಿಂಗನಮಕ್ಕಿ ನೀರನ್ನೇ ತಿರುಗಿಸಿದವರು ನೀವು. ಎರಡು ನಲ್ಲಿ ಬಂದ್ ಮಾಡ್ಲಿಕ್ಕೆ ಮರೀತೀರಾ?"

"ಮರೆತಿದ್ದಲ್ಲ." ಅವರ ದನಿ ಗೋಡೆಗೆ ಹೇಳಿದಂತಿತ್ತು. "ಆಸ್ಪತ್ರೆಗೆ ಹೋಗೋ ದಿನ ವಿನಯಾ ಇಲ್ಲೇ ಮಿಂದಳು. ಅವಳದ್ದು ಒಂದು ಕ್ರಮ. ನಲ್ಲಿ ಮುಟ್ತಿರಲಿಲ್ಲ, ಈ ಗುಂಡಿ ಮಾತ್ರ ಒತ್ತಿ ನಿಲ್ಲಿಸ್ತಿದ್ದಳು. ದಿನಾ ದಿನಾ ಹದ ಹುಡುಕೋದು ಯಾರು ಅಂತ. ಆಮೇಲೆ ನಾನು ಮೆಟ್ಟಿಲ ಹತ್ರದ ವಾಲ್ವ್ ತಿರುಗಿಸಿ ಬೀಗ ಹಾಕಿದೆ. ಕೆಳಗಿನ ಬಚ್ಚಲು ಬೇಡ ಅಂದ್ರಲ್ಲ? ಆವತ್ತು ವಾಲ್ವ್ ಬಿಟ್ಟೆ. ಗುಂಡಿ ಒತ್ತಿದೆ. ಮಾಸ್ತಮ್ಮ, ಅದೇ ನೀರು. ಅದೇ ಬಿಸಿ."

ಅವರು ಮಾಸ್ತಮ್ಮನ ಕಡೆ ತಿರುಗಿದರು.

"ಬಾಣಂತಿ ನೀರು ತಣ್ಣಗಾಗೋದು ಇದರಿಂದ ಅಂತ ಗೊತ್ತಿರಲಿಲ್ಲ. ನಿಂಗೆ ಕಳ್ಳಿ ಅಂದಾಗ ಮಾತಾಡಬೇಕಿತ್ತು. ಇಲ್ಲಿಗೆ ಬರ್ತೀನಿ ಅಂತ ಹೇಳ್ಲಿಕ್ಕೆ ನಾಚಿಕೆ ಆಯ್ತು."

ಮಾಸ್ತಮ್ಮ ನಲ್ಲಿಯ ಕಡೆ ಕೈ ನೀಡಿದಳು. ಹಿಂದಕ್ಕೆ ತೆಗೆದುಕೊಂಡಳು. ಶವರಿನ ಗುಂಡಿ ಒತ್ತಿ, ಬಿದ್ದ ನೀರಿಗೆ ಮೊಣಕೈ ಒಡ್ಡಿದಳು. ಕಣ್ಣು ಮುಚ್ಚಿ ತುಂಬ ಹೊತ್ತು ಹಾಗೇ ನಿಂತಳು.

"ಗೊತ್ತಾಯ್ತು," ಎಂದಳು. "ನಲವತ್ತು ವರ್ಷದ ಮೊಣಕೈ, ಮರೆಯೋದಿಲ್ಲ. ನಾಳೆ ಮಗಳಿಗೆ ಇದೇ ಹದದಲ್ಲಿ ಎರೀತೀನಿ. ಈಗ ನೀವೇ ತಿರುಗಿಸಿ ಗೌಡ್ರೇ."

ಸುರೇಂದ್ರ ಒಂದು ನಲ್ಲಿ ತಿರುಗಿಸಿದರು. ಇನ್ನೊಂದಕ್ಕೆ ಹೆಚ್ಚು ಹೊತ್ತು ಹಿಡಿಯಿತು.

*

ಮರುದಿನ ಬೆಳಗ್ಗೆ ಮಾಸ್ತಮ್ಮ ಬಂದಾಗ ಹಿತ್ತಿಲ ಮಂಜು ಎಲ್ಲ ಕಡೆಯೂ ಮೇಲಿನಿಂದಲೇ ಇಳಿಯುತ್ತಿತ್ತು. ಬಚ್ಚಲಲ್ಲಿ ಹಬೆ ತುಂಬಿತು. ಹದ ಮಾಡಿದ ಬಕೆಟ್ಟನ್ನು ಅವಳು ಮೊದಲು ಬಾಗಿಲಾಚೆ ಇಟ್ಟಳು. ಹೊರಗೆ ನಿಂತಿದ್ದ ಸುರೇಂದ್ರ ಬಗ್ಗಿ ಕೈ ಅದ್ದಿದರು. ತಲೆಯಾಡಿಸಿದರು. ಶ್ರಾವ್ಯಾ ಅಂದು ಚೀರಲಿಲ್ಲ, ಕೂತಲ್ಲೇ ತೂಕಡಿಸಿದಳು.

ಹೊರಡುವಾಗ ಯಶೋಧಾ ಟವೆಲ್ಲು ಹಿಡಿದು ದಾರಿಗೆ ಅಡ್ಡ ನಿಂತಳು.

"ನರ್ಸಿಗೆ ಬೇಡ ಅಂದೆ. ನೀರು ಮಿಕ್ಕಿದೆ, ನೀನೂ ಇಲ್ಲೇ ಮಿಂದು ಹೋಗು."

"ನಂಗೆಂತಕ್ಕೆ ಯಶೋಧಕ್ಕ?"

"ಹೋಗು ಮಾರಾಯ್ತಿ. ಒದ್ದೆ ತಲೆಯಲ್ಲೇ ಪೇಟೆ ಮೇಲೆ ಹೋಗು. ಯಾರಾದ್ರೂ ಕೇಳಿದ್ರೆ ಇಬ್ಬನಿ ಅನ್ಬೇಡ. ನಮ್ಮನೇಲಿ ಮಿಂದೆ ಅನ್ನು."

ಮಾಸ್ತಮ್ಮ ಬಾಗಿಲು ಹಾಕಿಕೊಂಡಳು. ಇಷ್ಟು ವರ್ಷ ಬಾಣಂತಿಯರನ್ನು ಕೂರಿಸಿದಂಥ ಮಣೆಯ ಮೇಲೆ ಮೊದಲ ಸಲ ತಾನು ಕುಳಿತಳು. ನಲ್ಲಿ ಬಿಟ್ಟು, ಅಭ್ಯಾಸಬಲದಿಂದ ಕಿವಿಗೊಟ್ಟಳು.

ಮೇಲೆ ಸದ್ದಿರಲಿಲ್ಲ.

ಚೊಂಬು ತುಂಬಿ ತನ್ನ ಬೆನ್ನಿಗೆ ತಾನೇ ಹೊಯ್ದುಕೊಂಡಳು. ನೀರು ಬಿಸಿಯಾಗಿತ್ತು.