ಸಕ್ಕರೆಯ ಕಪಾಟಿಗೊಂದು ಅಂಗಿ ಗುಂಡಿ

ಟೀಪುಡಿ ಇರಬೇಕಾದ ಜಾಗದಲ್ಲಿ ಅವಳ ಕೈಗೆ ಫಿನಾಯಿಲ್ ಬಾಟಲಿ ಸಿಕ್ಕಿತು.

ಕಣ್ಣು ಕಾಣದ ಅವಳು ಯಾರ ಹಂಗೂ ಇಲ್ಲದೆ ಸಾಮಾನು ಆರಿಸಿಕೊಳ್ಳುತ್ತಿದ್ದದ್ದು ಈ ಒಂದು ಅಂಗಡಿಯಲ್ಲಿ ಮಾತ್ರ. ಇಲ್ಲಿನ ಕಪಾಟುಗಳು ಅವಳ ಬೆರಳಿಗೆ ಬಾಯಿಪಾಠ.

"ಯಾರ್ರೀ ಇದನ್ನೆಲ್ಲ ಅದಲುಬದಲು ಮಾಡಿದ್ದು?"

"ನಾನೇ. ಹೊಸ ಮ್ಯಾನೇಜರ್." ಮೆತ್ತಗಿನ ಗಂಡು ದನಿ. "ಗಾಲಿಕುರ್ಚಿಯವರು ಓಡಾಡ್ಲಿ ಅಂತ ಜಾಗ ಅಗಲ ಮಾಡಿಸ್ದೆ. ನಿಮ್ಮ ವಿಷಯ... ನನಗೆ ಹೊಳೀಲೇ ಇಲ್ಲ."

ಸಿಟ್ಟು ಬರಬೇಕಿತ್ತು. ಬಂದದ್ದು ನಗು.

ಅಂದಿನಿಂದ ಪ್ರತಿ ಶನಿವಾರ ಅವಳು ಬಂದಾಗ ಅವನು ಜೊತೆಗೆ ನಡೆದ. ಯಾವ ಸೋಪಿನ ಪರಿಮಳ ಚೆನ್ನ ಎಂದು ಇಬ್ಬರೂ ಜಗಳವಾಡಿದರು. ಅವಳು ಶನಿವಾರಕ್ಕೆ ಕಾಯತೊಡಗಿದಳು.

ಒಂದು ಸಲ ಅವನು ಬಾಗಿಲಲ್ಲೇ ತುಂಬಿದ ಚೀಲ ಕೈಗಿತ್ತ. "ಎಲ್ಲಾ ಹಾಕಿಟ್ಟಿದೀನಿ. ನೀವ್ಯಾಕೆ ಕಷ್ಟಪಡ್ಬೇಕು?"

ಓಹೋ... ಒಳಗೂ ಬರಬೇಡ ಅಂತ.

ಆಮೇಲೆ ಅವಳು ಆ ಕಡೆ ತಲೆ ಹಾಕಲಿಲ್ಲ. ಅತ್ತಿಗೆಯೇ ಸಾಮಾನು ತರತೊಡಗಿದಳು.

"ಮ್ಯಾನೇಜರು ನಿನ್ನ ಕೇಳ್ದ ಕಣೇ. ಮುಖ ಸಪ್ಪಗಿತ್ತು."

"ಉಪ್ಪಿನ ಕಪಾಟು ಅವರ ಹತ್ರಾನೇ ಇದೆಯಲ್ಲ ಅತ್ತಿಗೆ."

ಅವಳು ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ಒಂದು ಮಧ್ಯಾಹ್ನ ಕರೆ ಬಂತು.

"ಯಾವ ವಿಭಾಗ ಬೇಕು?"

"ಆಪರೇಟರ್."

ಅದೇ ದನಿ! ಅವಳು ಮನಸ್ಸಿನಲ್ಲಿದ್ದದ್ದನ್ನು ಅಂದೇಬಿಟ್ಟಳು.

"ಬಾಗಿಲಿಂದಾನೇ ಕಳಿಸಿಬಿಟ್ರಿ. ನನಗೆ ಬೇಕಿದ್ದಿದ್ದು ಬರೀ ಸಾಮಾನಲ್ಲ... ನಾನೇ ಆರಿಸ್ಕೊಳ್ಳೋದು."

"ತಪ್ಪಾಯ್ತು. ಒಂದ್ಸಲ ಬನ್ನಿ. ನಾನು ಕೌಂಟರ್ ಬಿಟ್ಟು ಏಳಲ್ಲ."

ಹೋದಳು. ಕಪಾಟಿನ ಅಂಚಿನಲ್ಲಿ ಬೆರಳಿಗೆ ಏನೋ ತಾಗಿತು. ಅಂಟಿಸಿದ ಗುಂಡಿ.

"ಟೀಪುಡಿಗೆ ಕೋಟಿನ ದೊಡ್ಡ ಗುಂಡಿ, ಉಪ್ಪಿಗೆ ಚೌಕದ್ದು, ಸಕ್ಕರೆಗೆ ಅಂಗಿಯದು," ಅವನು ಕೌಂಟರಿನಿಂದಲೇ ಹೇಳಿದ. "ಇನ್ಮೇಲೆ ನಿಮಗೆ ಹೇಳದೆ ಯಾವುದನ್ನೂ ಕದಲಿಸಲ್ಲ."

ಟೀಪುಡಿ, ಉಪ್ಪು, ಸಕ್ಕರೆ ತಾನೇ ಆರಿಸಿಕೊಂಡು ಅವನೆದುರು ನಿಂತಳು.

"ಜೊತೆಗೆ ಯಾಕೆ ಬರ್ಲಿಲ್ಲ?"

"ಬರ್ಬೇಕು ಅಂತ ಜೀವ ಬಡ್ಕೊಳ್ತಿತ್ತು. ದಾರಿ ತೋರ್ಸೋಕಲ್ಲ... ನಿಮ್ಮ ಜೊತೆ ನಡೆಯೋದು ನನಗಿಷ್ಟ. ನೀವು ಇಷ್ಟ."

ಅವಳು ಕೈ ಚಾಚಿ ಅವನ ತೋಳು ಹಿಡಿದಳು. ಮಣಿಕಟ್ಟಿನ ಬಳಿ ಅಂಗಿ ಸಡಿಲವಾಗಿ ಜೋತಾಡುತ್ತಿತ್ತು.

"ಗುಂಡಿ ಎಲ್ಲಿ?"

"ಸಕ್ಕರೆ ಹತ್ರ."

ನಗು ತಡೆಯಲಾಗದೆ ಅವಳು ಆ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಏಳಿ, ಸೋಪು ತಗೊಳ್ಳೋದು ಉಳಿದಿದೆ. ದಾರಿ ನಾನು ತೋರಿಸ್ತೀನಿ."