ಆನ್ ಅಂದರೆ ಆಫ್

"ಈ ಬೋರ್ಡ್ ಒಂದ್ಸಲ ನೋಡ್ತೀಯಾ, ಅಮೃತಾ?"

ತಲೆ ಎತ್ತದೆಯೇ ಗೊತ್ತಾಯಿತು. ಆ ದನಿಯನ್ನು ಮರೆಯಲು ಹೋದ ವರ್ಷವಿಡೀ ಹೆಣಗಿದವಳಲ್ಲವೇ ಅವಳು!

ಸೋಮವಾರಪೇಟೆಯ ಅವಳ ಪುಟ್ಟ ರಿಪೇರಿ ಅಂಗಡಿಯ ಬಾಗಿಲಲ್ಲಿ ರೇಣುಕಪ್ರಸಾದ್ ನಿಂತಿದ್ದ. ಅವಳನ್ನು ಮದುವೆಯಾಗಬೇಕಿದ್ದವನು. ಅವಳ ಮಾನವನ್ನು ಮೂರು ಕಾಸಿಗೆ ಹರಾಜು ಹಾಕಿದವನೂ ಅವನೇ.

ಅವನ ಮನೆಯ ಏಲಕ್ಕಿ ಡ್ರೈಯರಿಗೆ ಅದನ್ನು ನಡೆಸುವ ಕಂಟ್ರೋಲ್ ಬೋರ್ಡ್ ಪರೀಕ್ಷಿಸಿ ಕೂರಿಸಿದ್ದು ಅಮೃತಾ. ಬಿಸಿ ಹೆಚ್ಚಾದಾಗ ತಿರುಗಬೇಕಿದ್ದ ಫ್ಯಾನ್ ಒಂದು ದಿನ ನಿಂತುಬಿಟ್ಟು ಏಲಕ್ಕಿಯೆಲ್ಲ ಕರಕಲಾಯಿತು. ನಿಶ್ಚಿತಾರ್ಥಕ್ಕೆ ಸೇರಿದ್ದ ನೆಂಟರೆದುರು ಅವನ ಅಪ್ಪ ಚನ್ನಮಲ್ಲಪ್ಪ ಗದರಿ ಕೇಳಿದಾಗ, ಅವಳು ಸರಿಯಾಗಿ ಟೆಸ್ಟ್ ಮಾಡಿಲ್ಲ ಎಂದುಬಿಟ್ಟ ರೇಣುಕಪ್ರಸಾದ್. ಸಂಬಂಧ ಮುರಿಯಿತು. ಎಸ್ಟೇಟಿನವರು ಅವಳ ಅಂಗಡಿಯ ಕಡೆ ತಲೆ ಹಾಕುವುದನ್ನೇ ಬಿಟ್ಟರು.

ಈಗ ಬೇರೆ ಕಡೆಯಿಂದ ಹೊಸ ಬೋರ್ಡ್ ತಂದು ಹಾಕಿದರೂ ಫ್ಯಾನ್ ಅದೇ ಆಟ ಆಡುತ್ತಿದೆಯಂತೆ.

ಅಟ್ಟಿಬಿಡಲೇ?... ಬೇಡ. ಅವನ ಕಣ್ಣೆದುರೇ ಪರೀಕ್ಷೆ ಆಗಲಿ.

ಬೋರ್ಡಿನ ಆಜ್ಞೆ ಹೊರಬರುವ ಒಂದೊಂದು ಔಟ್‌ಪುಟ್ ಪಿನ್ನಿಗೂ ಪುಟ್ಟ ಎಲ್‌ಇಡಿ ಜೋಡಿಸಿದಳು. ಆನ್ ಎಂದರೆ ಹೊತ್ತಿತು, ಆಫ್ ಎಂದರೆ ಆರಿತು. ಯಾವ ಪಿನ್ನಿನಲ್ಲೂ ದೋಷವಿಲ್ಲ. ಆಮೇಲೆ ಅವನು ತಂದಿದ್ದ ರಿಲೇಯನ್ನು, ಅಂದರೆ ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್ಚನ್ನು, ಸಿಕ್ಕಿಸಿದಳು. ಪಿನ್ ಆನ್ ಮಾಡಿದ ಕೂಡಲೇ ರಿಲೇ ಟಕ್ಕೆಂದು ಆಫ್ ಆಯಿತು.

"ಇದು ಉಲ್ಟಾ ರಿಲೇ. ಬಿಸಿ ಏರಿ ಬೋರ್ಡ್ ಆನ್ ಅಂದ್ರೆ ಇದು ಫ್ಯಾನ್ ನಿಲ್ಸುತ್ತೆ. ನಾನು ಹಾಕಿದ್ದಲ್ಲ."

ಅವನ ಮುಖ ಕಪ್ಪಿಟ್ಟಿತು. "ಏಲಕ್ಕಿ ಕರಕಲಾಗೋ ಹಿಂದಿನ ದಿನ ಹಳೇದು ಸುಟ್ಟೋಗಿತ್ತು. ಅಂಗಡೀಲಿ ಸಿಕ್ಕಿದ್ದು ತಂದು ನಾನೇ ಹಾಕ್ದೆ. ನಿಶ್ಚಿತಾರ್ಥದ ದಿನಾನೇ ಅನುಮಾನ ಬಂದಿತ್ತು ಅಮೃತಾ... ಅಪ್ಪನ ಮುಂದೆ ಬಾಯಿ ಬರ್ಲಿಲ್ಲ."

"ನನ್ನ ಹೆಸರು ಹೇಳೋಕೆ ಬಂತಲ್ಲ."

ಗೊತ್ತಿಲ್ಲದೆ ಹೇಳಿದ್ದನೆಂದು ಎಷ್ಟು ಸಲ ಮನಸ್ಸಿನಲ್ಲೇ ಅವನನ್ನು ಕ್ಷಮಿಸಿದ್ದಳು! ಆ ಕ್ಷಮೆಯೆಲ್ಲ ನೀರುಪಾಲಾಯಿತು.

ಅವನು ಅಲ್ಲಿಯೇ ಅಪ್ಪನಿಗೆ ಫೋನ್ ಮಾಡಿ, ತಪ್ಪು ತನ್ನದು, ಅವಳದ್ದಲ್ಲ ಎಂದು ಒಂದೇ ಉಸಿರಿಗೆ ಹೇಳಿದ. ಆ ಕಡೆಯಿಂದ ಬೈಗುಳದ ಮಳೆಯೇ ಸುರಿಯಿತು. ಅವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಅಮೃತಾಳಿಗೆ ಅದರಿಂದ ಸಮಾಧಾನವಾಗಲಿಲ್ಲ, ಅಳು ಬಂತು.

"ಫೋನಲ್ಲಿ ಹೇಳಿದ್ರೆ ಸಾಲದು. ಅವತ್ತು ಸೇರಿದ್ದವರನ್ನೆಲ್ಲ ಕರ್ಕೊಂಡು ಬಾ. ಅವರ ಮುಂದೆ ಹೇಳು."

"ಬರ್ತೀನಿ. ಆಮೇಲೆ... ನನ್ನ ಮೇಲೆ ಇನ್ನೂ ಪ್ರೀತಿ ಇದ್ಯಾ?"

ಅವಳು ಕಣ್ಣೊರೆಸಿಕೊಂಡಳು.

"ಇಲ್ದೇ ಹೋಗಿದ್ರೆ ಮನಸ್ಸು ಇಷ್ಟು ಉರೀತಿತ್ತಾ?"