ಹತ್ತು ನಿಮಿಷದ ಉರಿ

೨೦೨೪ರ ಜನವರಿ ೨೧, ಭಾನುವಾರ, ಬೆಳಗ್ಗೆ ೧೦ ಗಂಟೆ ೪೦ ನಿಮಿಷ. ವಿಜಯಪುರದ ಜಲನಗರದಲ್ಲಿ ಗೌತಮನ ಬಾಡಿಗೆ ಮನೆಯ ಬಾಗಿಲಲ್ಲಿ, ಮದುವೆ ಬೇಡ ಎಂದು ಹೇಳಲು ನಿಂತಿದ್ದೆ. ಕೈಯಲ್ಲಿ ಅವನು ಕೊಟ್ಟಿದ್ದ ಸೆಂಟಿನ ಡಬ್ಬಿ. ಇನ್ನೂ ತೆರೆದಿರಲಿಲ್ಲ.

ಹಿಂದಿನ ಭಾನುವಾರ ಅವನು ನನ್ನನ್ನು ನೋಡಲು ತಿಕೋಟಾಕ್ಕೆ ಬಂದಿದ್ದ. ಬಬಲೇಶ್ವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಬಂದದ್ದು ಮಾತ್ರ ಬಾಡಿಗೆ ಕಾರಿನಲ್ಲಿ, ಐದು ಬಗೆಯ ಸಿಹಿ ಮತ್ತು ಈ ಸೆಂಟಿನೊಂದಿಗೆ. ಮನೆಯವರೆಲ್ಲ ಮೆಚ್ಚಿದರು. ನನಗೆ ಮಾತ್ರ ಭಯವಾಯಿತು. ಅಕ್ಕ ಲಲಿತಾಳ ಗಂಡನೂ ಹೀಗೆಯೇ ಬಂದಿದ್ದ. ತೋರಿಕೆಯ ಖರ್ಚು ಆ ಮನೆಯಲ್ಲಿ ಮೊದಲು ಉಳಿತಾಯವನ್ನು ತಿಂದಿತು, ಆಮೇಲೆ ಗಂಡ ಹೆಂಡಿರ ಮಾತನ್ನು.

ಆದರೂ ಗೌತಮ ಚಹಾದ ಕಪ್ಪಿನಂಚಿನಿಂದ ಕಣ್ಣೆತ್ತಿ ನೋಡಿ, ನಾನು ನೋಡಿದೆನೆಂದು ತಿಳಿದು ಬಿಸಿ ಚಹಾ ಗುಟುಕರಿಸಿದ್ದನ್ನು ಮರೆಯಲಾಗಿರಲಿಲ್ಲ. ಫೋನಿನಲ್ಲಿ ಹೇಳಿದ್ದರೆ ಸಾಕಿತ್ತು. ಬಸ್ ಹತ್ತಿ ಬಂದದ್ದೇಕೆಂದು ನನ್ನನ್ನು ನಾನೇ ಕೇಳಿಕೊಳ್ಳಲಿಲ್ಲ.

ಅವನೇ ಬಾಗಿಲು ತೆರೆದ. “ವಿಶಾಖಾ ಟೀಚರ್! ನೀವ್ರಿ?”

“ಒಳಗ ಕರೀತೀರೋ, ಇಲ್ಲೇ ನಿಂದ್ರಲೋ?”

ಒಳಗೆ ಮಂಚದ ಮೇಲೆ ಕೌದಿ ಹೊದ್ದು ಒಂದು ಪುಟ್ಟ ಆಕಾರ ಮಲಗಿತ್ತು. ದನಿ ತಗ್ಗಿಸಿದೆ.

“ಯಾರ ಕೂಸ್ರಿ?”

ಅವನ ಕಿವಿ ಕೆಂಪಾಯಿತು. “ಕೂಸಲ್ರಿ...”

“ಮಾರಿತುಂಬ ಹೊಚ್ಚೀರಲ್ಲ, ಉಸುರು ಕಟ್ಟತೈತಿ!” ಕೈ ಚಾಚಿದೆ.

“ಮುಟ್ಟಬ್ಯಾಡ್ರಿ! ಇನ್ನೂ ಬೆಂದಿಲ್ಲ!”

ಅಡುಗೆಮನೆಯಿಂದ ಅವನ ತಾಯಿ ಸೀತವ್ವ ನಗುತ್ತ ಬಂದಳು. “ತೊಗರಿಬ್ಯಾಳಿ ಐತಿ ತಂಗೀ. ಹತ್ತು ಮಿನಿಟ ಕುದಿಸಿ, ಗ್ಯಾಸ್ ಬಂದ್ ಮಾಡಿ, ಕೌದ್ಯಾಗ ಸುತ್ತಿ ಮಲಗಸ್ತಾನ. ಆ ಕಾವಿಗೇ ತಾನ ಬೇಯತೈತಿ. ನಮಗ ಒಂದು ಸಿಲಿಂಡರ್ ಮೂರು ತಿಂಗಳ ಮ್ಯಾಲ ಬರತೈತಿ. ಹೆಣ್ಣಿನ ಮನ್ಯಾಗ ಜಿಪುಣ ಅಂದಾರು ಅಂತ ನಾನ ಹಟ ಹಿಡದು ಕಾರ್ ಮಾಡಿಸಿದ್ನಿ.”

“ಸಾಕ ಬೇ ಯವ್ವಾ!”

“ನಾ ಏನ್ ಸುಳ್ಳು ಹೇಳಾಕತ್ತೇನಿ?” ಎನ್ನುತ್ತ ಅವಳು ಕೊತ್ತಂಬರಿ ತರಲು ಹೊರಟಳು.

ಡಬ್ಬಿಯನ್ನು ಮೇಜಿನ ಮೇಲಿಟ್ಟೆ. “ನಾ ಒಲ್ಲೆ ಅನ್ನಾಕ ಬಂದಿದ್ನಿ.”

ಅವನು ನೆಲ ನೋಡಿದ. “ಬ್ಯಾಳಿ ನೋಡಿ?”

“ಕಾರ್ ನೋಡಿ.”

ಅವನು ತಲೆಯೆತ್ತಿದ.

“ಈ ಸೆಂಟು ಅಂಗಡ್ಯಾಂವ ವಾಪಸ್ ತಗೋತಾನೇನು?”

“ಹತ್ತು ದಿನದೊಳಗ ಆದ್ರ ತಗೋತಾನ್ರಿ.” ತಡೆದು, ಬಹಳ ಮೆಲ್ಲಗೆ ಸೇರಿಸಿದ: “ಬಿಲ್ ಜ್ವಾಕಿ ಮಾಡಿ ಇಟ್ಟೀನಿ.”

ಹುಡುಗಿಯರು ಗುಲಾಬಿಗೆ ಕರಗುತ್ತಾರಂತೆ. ನಾನು ಆ ಬಿಲ್ಲಿಗೆ ಕರಗಿದೆ.

“ಅಕ್ಕಿ ತೊಳದ ನೀರು ನಾ ಕರಿಬೇವಿಗೆ ಹಾಕತೀನಿ. ಸಾಬಾಣದ ಚೂರು ಕೂಡಿಸಿ ಅರಿವಿ ಒಗೀತೀನಿ. ನಡೀತೈತೇನ್ರಿ?”

ಮೊದಲು ಅವನ ಕಣ್ಣು ನಕ್ಕವು, ಆಮೇಲೆ ತುಟಿ. “ಹೋದ ಐತವಾರದಿಂದ ನಿಮ್ಮನ್ನ ಬಿಟ್ಟು ಬ್ಯಾರೆ ಏನೂ ತಲ್ಯಾಗ ಬರವಲ್ದು. ಆದ್ರ ನೀವು ನೋಡಿದ್ದು ಆ ಕಾರಿನಾಗ ಬಂದಾಂವನ್ನ. ನಾ ಅಂಥಾಂವ ಅಲ್ಲ ಅಂತ ಹೆಂಗ ಹೇಳ್ಲಿ ಅಂತ ಒದ್ದಾಡಾಕತ್ತಿದ್ನಿ.”

“ಈಗ ನೋಡೀನಲ್ಲ.”

“ಹಂಗಾರ?”

“ಹಂಗಾರ ಊಟಕ್ಕ ನಿಂದರತೀನಿ. ಸಂಜೀಕ ಅಪ್ಪಗ ಹೂಂ ಅಂತ ಹೇಳತೀನಿ.”

೧೧ ಗಂಟೆ ೫ ನಿಮಿಷಕ್ಕೆ ಇಬ್ಬರೂ ಸೇರಿ ಕೌದಿ ಬಿಚ್ಚಿದೆವು. ಆ ಕೌದಿಯಾದ ಸೀತವ್ವನ ಹಳೆಯ ಸೀರೆಗಳಿಗೆ, ಅವನ್ನು ಕೂಡಿಸಿದ ಒಂದೊಂದು ಹೊಲಿಗೆಗೆ, ನಾನು ಇಂದಿಗೂ ಕೃತಜ್ಞಳು. ಮುಚ್ಚಳ ತೆಗೆದಾಗ ಹಬೆಯಲ್ಲಿ ಅವನ ಮುಖ ಮಸುಕಾಯಿತು. ಅವನ ಬೆರಳು ನನ್ನ ಬೆರಳಿಗೆ ತಾಗಿದ್ದು ಮಾತ್ರ ಸ್ಪಷ್ಟವಾಗಿ ತಿಳಿಯಿತು. ಬೇಳೆ ಸೌಟಿಗೆ ಬೆಣ್ಣೆಯಂತೆ ನುರಿಯಿತು.

ಅವನು ಗೋಡೆಯ ಮೊಳೆಗೆ ತೂಗಿದ್ದ ಲ್ಯಾಬಿನ ಥರ್ಮಾಮೀಟರ್ ತಂದು ಬೇಳೆಯಲ್ಲಿ ಅದ್ದಿದ. ಕೆನ್ನೆಗೆ ಕೆನ್ನೆ ಹತ್ತಿರವಾಗುವಷ್ಟು ಬಾಗಿ ಇಬ್ಬರೂ ಓದಿದೆವು. ಒಲೆ ಆರಿಸಿ ಒಂದು ಗಂಟೆ ಐವತ್ತು ನಿಮಿಷವಾಗಿತ್ತು.

ಇನ್ನೂ ಎಂಬತ್ತೊಂದು ಡಿಗ್ರಿ ಸೆಲ್ಸಿಯಸ್.